ಮೇಡಂ ಧ್ವನಿಯಲ್ಲಿ ಮೂರು ನಿಮಿಷ

ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಕಾದಂಬರಿಯ ಮೊದಲ ಅಧ್ಯಾಯದ ನಲವತ್ತು ಪ್ರತಿ ಮಾಡಿಸಿಕೊಂಡು ನಾನು ಪಾಠ ಮಾಡುವ ಕಾಲೇಜಿನ ಕಡೆ ಹೊರಟಿದ್ದೆ. ಆಗಷ್ಟೇ ಯಂತ್ರದಿಂದ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಇಸ್ತ್ರಿ ಮಾಡಿದ ಅಂಗಿಗೂ ಸುಟ್ಟ ವೈರಿಗೂ ನಡುವಿನದು. ಆ ವಾಸನೆಗೆ ವಸುಧಾ ಮೇಡಂ ನೆನಪಾದರು. ಏಳು ವರ್ಷದ ಹಿಂದೆ ತುಮಕೂರಿನಲ್ಲಿ ಅವರೂ ಇದೇ ಅಧ್ಯಾಯವನ್ನು ಹೀಗೇ ಜೆರಾಕ್ಸ್ ಮಾಡಿಸಿ, ಬಿಸಿ ಆರುವ ಮೊದಲೇ ನಮಗೆ ಹಂಚಿದ್ದರು. ನನ್ನ ಮುಖ ಕೆಂಪಗಾಯಿತು. ಬಿಸಿಲಿಗೆ ಎಂದು ಹೇಳಬಹುದಿತ್ತು, ಆದರೆ ಮೋಡ ಮುಚ್ಚಿತ್ತು.

ನಾನು ಗುಬ್ಬಿಯವನು. ಡಿಗ್ರಿ ಓದಲು ದಿನಾ ರೈಲಿನಲ್ಲಿ ತುಮಕೂರಿಗೆ ಹೋಗುತ್ತಿದ್ದೆ. ಓದಿದ್ದು ಕಡಿಮೆ, ಮಿಮಿಕ್ರಿ ಜಾಸ್ತಿ. ಟಿಕೆಟ್ ಕಲೆಕ್ಟರನ ಕೆಮ್ಮು, ಸಾರಿಗೆ ಉಪ್ಪು ಸಾಲದು ಎಂದು ನಮ್ಮಪ್ಪ ಬಾಯಿಬಿಡದೆ ಹೇಳುವ ರೀತಿ, ಪ್ರಾರ್ಥನೆಯ ಹೊತ್ತಿಗೆ ಪ್ರಿನ್ಸಿಪಾಲರ ನಿಟ್ಟುಸಿರು, ಎಲ್ಲ ನನ್ನ ಸ್ಟಾಕಿನಲ್ಲಿದ್ದವು. ನನ್ನ ನಡಿಗೆಯನ್ನೂ ಬಿಟ್ಟಿರಲಿಲ್ಲ. ಮೂರು ಸಬ್ಜೆಕ್ಟ್ ಹೋದವನು ರ‍್ಯಾಂಕ್ ಬಂದವನಂತೆ ನಡೆಯುವುದು ಸುಲಭವಲ್ಲ. ನನಗಿದ್ದ ಜಂಬ ಒಂದೇ. ಉಳಿದವರು ನಗಿಸಲು ಮಸಾಲೆ ಸೇರಿಸುತ್ತಾರೆ. ನಾನು ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತೇನೆ ಎಂಬುದು.

ಮೇಡಂ ಕೂಡ ಗುಬ್ಬಿಯಿಂದಲೇ, ಅದೇ ರೈಲಿನಲ್ಲಿ ಬರುತ್ತಿದ್ದರು. ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಜೂನ್ ಹೊತ್ತಿಗೆ ಹೊಸ ಪಟ್ಟಿ. ಅದರಲ್ಲಿ ಹೆಸರಿದ್ದರೆ ಕೆಲಸ ಉಂಟು. ಅತಿಥಿ ಎಂದು ಕರೆದು ವರ್ಷಕ್ಕೊಮ್ಮೆ ಬಾಗಿಲ ಹೊರಗೆ ನಿಲ್ಲಿಸುವ ಈ ಸತ್ಕಾರ ಈಗ ನನಗೂ ಸಿಗುತ್ತಿದೆ. ಅವರು ಆರು ಸಲ ಹಾಗೆ ನಿಂತು ಆರು ಸಲವೂ ಒಳಗೆ ಬಂದಿದ್ದರು.

ಕಾದಂಬರಿಯಲ್ಲಿ ಒಂದು ದೇಶ. ಮನೆಯೊಳಗೆ ಆಡಿದ ಮಾತೂ ಅಲ್ಲಿ ಸರ್ಕಾರಕ್ಕೆ ತಲುಪುತ್ತದೆ. ಪಕ್ಕದ ಮನೆಯವರೇ ತಲುಪಿಸುತ್ತಾರೆ. ನಮಗೆ ಆಕಳಿಕೆ ಬಂತು. ಹಿಂದಿನ ಬೆಂಚಿನ ಸೀನ ಕೇಳಿಯೇಬಿಟ್ಟ: “ನಮ್ ಬೀದೀಲೂ ಅಂಗೇ ಅಲ್ವಾ ಮೇಡಂ, ಇದ್ರಲ್ಲಿ ಹೊಸದೇನು?”

ಮೇಡಂ ನಕ್ಕರು. ಪಾಠ ನಿಲ್ಲಿಸಿ ಒಂದು ಆಟ ಹೂಡಿದರು. ಎಲ್ಲರ ಹೆಸರೂ ಒಂದು ಟಿಫಿನ್ ಡಬ್ಬಿಗೆ. ಯಾರ ಚೀಟಿ ಸಿಗುತ್ತದೋ ಅವರನ್ನು ಒಂದು ವಾರ ಗುಟ್ಟಾಗಿ ಗಮನಿಸಿ, ಶನಿವಾರ ಅವರ ಒಂದು ಮಾತನ್ನು ಬರೆದು ಕೊಡಬೇಕು. “ನೋಡೋದು ಹೆಂಗಿರತ್ತೆ, ನೋಡಿಸ್ಕೊಳ್ಳೋದು ಹೆಂಗಿರತ್ತೆ, ಗೊತ್ತಾಗ್ಲಿ,” ಎಂದು, ನ್ಯಾಯಕ್ಕೆ ತಮ್ಮ ಹೆಸರನ್ನೂ ಡಬ್ಬಿಗೆ ಹಾಕಿದರು.

ಆ ಚೀಟಿ ನನ್ನ ಕೈಗೆ ಬಂತು.

ಗುರುವಾರ ಸಂಜೆ ಗುಬ್ಬಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮೇಡಂ ತಂಗಿಯ ಜೊತೆ ಫೋನಿನಲ್ಲಿದ್ದರು. ನಾನು ಕಂಬದ ಹಿಂದೆ ಶೂ ಲೇಸ್ ಕಟ್ಟುತ್ತಿದ್ದೆ, ಚಪ್ಪಲಿ ಹಾಕಿಕೊಂಡು. “ಪ್ರಿನ್ಸಿಪಾಲ್ರು ನಾನು ಪಾಠ ಮಾಡೋ ಪುಸ್ತಕ ತೆಗೆದೇ ನೋಡಿಲ್ಲ ಕಣೇ. ಅದರ ಹೆಸರು ಓದಕ್ಕೇ ಎರಡು ಸಲ ತಡವರಿಸಿದ್ರು. ಅಂಥೋರ ಮುಂದೆ ವರ್ಷಾ ವರ್ಷಾ ಕೈ ಕಟ್ಕೊಂಡು ನಿಂತ್ಕೋಬೇಕು ನೋಡು,” ಎಂದರು. ಇನ್ನೂ ಬಹಳ ಅಂದರು. ಕಣ್ಣೊರೆಸಿಕೊಂಡರು. ಅದನ್ನೂ ನೋಡಿದೆ.

ಶನಿವಾರ ಎಲ್ಲರೂ ಚೀಟಿ ಕೊಟ್ಟರು. ನಾನು ಮಾತ್ರ ಎದ್ದು, “ಬರೆಯಲ್ಲ ಮೇಡಂ, ಮಾಡ್ತೀನಿ,” ಎಂದು, ಕನ್ನಡಕ ಸರಿಮಾಡಿಕೊಳ್ಳುವುದರಿಂದ ಮೂಗೆಳೆಯುವವರೆಗೆ ಮೂರು ನಿಮಿಷ ಆ ಫೋನ್ ಮಾತನ್ನು ಪೂರ್ತಿ ಮಾಡಿ ತೋರಿಸಿದೆ. ಕ್ಲಾಸು ಬೆಂಚು ಬಡಿದು ನಕ್ಕಿತು. ಮೇಡಂ ನನ್ನನ್ನು ತಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಸೀನ ರೆಕಾರ್ಡ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಅದು ಪ್ರಿನ್ಸಿಪಾಲರ ಮೊಬೈಲ್ ಸೇರಲು ಒಂದು ಭಾನುವಾರ ಸಾಕಾಯಿತು.

ಸೋಮವಾರ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಮೇಡಂ ಆಗಲೇ ಅಲ್ಲಿ ನಿಂತಿದ್ದರು. ಪ್ರಿನ್ಸಿಪಾಲರು ಬೈಯಲಿಲ್ಲ. ಸೋತ ದನಿಯಲ್ಲಿ ಕೇಳಿದರು: “ಏನಪ್ಪಾ, ಇದು ನೀನು ತಮಾಷೆಗೆ ಕಟ್ಟಿದ್ದು ತಾನೇ?”

ಈಗ ಯೋಚಿಸಿದರೆ ಆ ಮನುಷ್ಯನಿಗೆ ಬೇಕಾಗಿದ್ದದ್ದು ಒಂದು ‘ಹೌದು’ ಅಷ್ಟೇ. ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ನನಗೆ ಕೇಳಿಸಿದ್ದು ‘ಕಟ್ಟಿದ್ದು’ ಎಂಬ ಅವಮಾನ. ನನ್ನ ಕಲೆಯ ಮೇಲೆ ಅನುಮಾನವೇ?

“ಕಟ್ಟಿದ್ದಲ್ಲ ಸಾರ್. ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ,” ಎಂದೆ.

ಹೊರಗೆ ಬಂದ ಮೇಲೆ ಮೇಡಂ ಹೇಳಿದರು: “ಚೆನ್ನಾಗಿ ಮಾಡಿದೀಯ ಕಣೋ. ನಾನು ಅಳೋದು ಹಂಗಿರತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ.” ಅವರು ಬೈದಿದ್ದರೆ ಅದನ್ನೂ ಮಿಮಿಕ್ರಿ ಮಾಡಿ ಮರೆತುಬಿಡುತ್ತಿದ್ದೆನೇನೋ. ಆವತ್ತಿನಿಂದ ನಾನು ರೈಲಿನ ಕೊನೆಯ ಬೋಗಿ ಹತ್ತತೊಡಗಿದೆ. ಜೂನ್ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಟ್ಯೂಷನ್ ಹೇಳುತ್ತಿದ್ದಾರೆ ಎಂದು ಆಮೇಲೆ ಯಾರೋ ಅಂದರು.

ಇವತ್ತು ಹಾಳೆ ಹಂಚಿ, ಆ ದೇಶದ ಕಥೆ ಶುರುಮಾಡಿದೆ. ಎರಡನೇ ಬೆಂಚಿನ ಚಂದನಾ ಕೇಳಿದಳು: “ಸರ್, ಹೋಗಿ ಹೇಳ್ಕೊಡ್ತಿದ್ರಲ್ಲ, ಅವ್ರೆಲ್ಲ ಕೆಟ್ಟೋರಾ?”

“ಇಲ್ಲಮ್ಮ. ಕೆಲವರು ತುಂಬ ತಮಾಷೆಯೋರು,” ಎಂದೆ. ಮಕ್ಕಳು ನಕ್ಕರು. ನಗು ನಿಂತ ಮೇಲೆ ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಮೇಡಂ ಮಾತು ಬಂದಾಗ ಅವರ ದನಿ ಗಂಟಲಿಗೆ ತಾನಾಗಿಯೇ ಬಂತು. ನುಂಗಿಕೊಂಡೆ.

“ಸಾರಿ ಕೇಳಿದ್ರಾ ಸರ್ ಆಮೇಲೆ?” ಎಂದಳು ಅದೇ ಹುಡುಗಿ.

“ಇಲ್ಲ.”

“ಯಾಕ್ ಸರ್?”

ಪಾಠ ಮಾಡುವವನಿಗೆ ಇಂಥ ಸುಲಭದ ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿನ ಹಿಂದೆ ನಿಂತು, ಹಳೆಯ ಕ್ಲಾಸ್ ಗ್ರೂಪಿನಲ್ಲಿ ಉಳಿದಿದ್ದ ಮೇಡಂ ನಂಬರಿಗೆ ಫೋನ್ ಮಾಡಿದೆ. ಎತ್ತಿದರು. ಹಿಂದೆ ಮಕ್ಕಳು ಗಟ್ಟಿಯಾಗಿ ಏನೋ ಓದುತ್ತಿದ್ದರು. ಹೆಸರು ಹೇಳಿದೆ.

“ಇವತ್ತು ಯಾರ ವಾಯ್ಸಲ್ಲಿ ಮಾತಾಡ್ತಿದೀಯೋ?” ಎಂದರು.

“ನಂದೇ ಮೇಡಂ.”

“ಹೌದಾ, ಗುರುತೇ ಸಿಗ್ಲಿಲ್ಲ. ಹೇಳಪ್ಪ.”

ಬೇರೆಯವರ ಮಾತು ಅಷ್ಟು ಸಲೀಸಾಗಿ ಆಡಿದವನಿಗೆ ತನ್ನದೊಂದು ವಾಕ್ಯ ಹುಡುಕಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಮೇಡಂ ಫೋನ್ ಇಡಲಿಲ್ಲ.