ಅಕಾಗಿ, ಕಾಗಾ ಮತ್ತು ನಸೀಮಾಳ ನೌಕರಿ

2003ರಲ್ಲಿ ನಾನು ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಕಂಟೆಂಟ್ ಎಡಿಟರ್ ಆಗಿದ್ದೆ. ಶಾಲೆಗಳಿಗೆ ಪಾಠದ ಸಿ.ಡಿ. ತಯಾರಿಸುವ ಕಂಪನಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನೆಂದು ಕೆಲಸ ಕೊಟ್ಟರು. ಆಮೇಲೆ ಅದೇ ಕಾರಣಕ್ಕೆ ತಲೆ ಚಚ್ಚಿಕೊಂಡರು. ಯಾರು ಏನೇ ಹೇಳಲಿ, "ಆಧಾರ ಏನು?" ಎಂದು ಕೇಳುವುದು ನನ್ನ ಕೆಲಸವೂ ಹೌದು, ಚಾಳಿಯೂ ಹೌದು.

ಆ ವರ್ಷ ಮಿಡ್‌ವೇ ಕದನದ ಪಾಠ ಸಿದ್ಧವಾಗುತ್ತಿತ್ತು. 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ನಡೆದ ಈ ಕದನದಲ್ಲಿ ಜಪಾನ್ ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು. ಸ್ಕ್ರಿಪ್ಟ್ ನನ್ನದು. ಅನಿಮೇಷನ್ ನಸೀಮಾಳದು; ಶಿವಾಜಿನಗರದ ಹುಡುಗಿ, ಇನ್ನೂ ಪ್ರೊಬೇಷನ್‌ನಲ್ಲಿದ್ದಳು. ಅಕಾಗಿ, ಕಾಗಾ, ಹಿರ್ಯು, ಸೋರ್ಯು ಎಂದು ಹೆಸರು ಹಾಕಿ, ನಾಲ್ಕಕ್ಕೂ ವಿಮಾನ ಇಳಿಯುವ ಚಪ್ಪಟೆ ಡೆಕ್ ಬರೆದಿದ್ದಳು.

ಗ್ರಾಹಕರ ಕಡೆಯಿಂದ ಪಾಠ ಪರಿಶೀಲಿಸುತ್ತಿದ್ದವರು ಶ್ರೀಕಂಠಯ್ಯ, ನಿವೃತ್ತ ಇತಿಹಾಸ ಮೇಷ್ಟ್ರು. ಅವರು ಅಕಾಗಿ, ಕಾಗಾ ಎರಡರ ಮೇಲೂ ಕೆಂಪು ಗೀಟು ಎಳೆದರು. ವಾದ ಗಟ್ಟಿಯಾಗಿಯೇ ಇತ್ತು. ಜಪಾನೀಯರು ಹಡಗಿನ ಬಗೆ ನೋಡಿ ಹೆಸರಿಡುತ್ತಿದ್ದರು: ಬ್ಯಾಟಲ್‌ಶಿಪ್‌ಗೆ ಹಳೆಯ ಪ್ರಾಂತ್ಯದ ಹೆಸರು, ದೊಡ್ಡ ಕ್ರೂಸರ್‌ಗೆ ಬೆಟ್ಟದ್ದು, ಡೆಸ್ಟ್ರಾಯರ್‌ಗೆ ಗಾಳಿ, ಹಿಮ, ಅಲೆ. ವಿಮಾನವಾಹಕಕ್ಕೆ ಹಾರುವ ಜೀವಿಗಳದ್ದು. ಕಾಗಾ ಒಂದು ಪ್ರಾಂತ್ಯ, ಅಕಾಗಿ ಒಂದು ಬೆಟ್ಟ. ಅಂದಮೇಲೆ ಅವು ವಿಮಾನವಾಹಕಗಳೇ ಅಲ್ಲ!

ನಸೀಮಾ ಹಡಗುಗಳನ್ನು ಅದಲುಬದಲು ಮಾಡಿದ್ದಾಳೆಂದು ನಮ್ಮ ಬಾಸ್ ಡೇವಿಡ್ ಸರ್ ತೀರ್ಮಾನಿಸಿಬಿಟ್ಟರು. "ನೋಡಮ್ಮಾ, ಇಷ್ಟು ಬೇಸಿಕ್ ಮಿಸ್ಟೇಕ್ ಆದ್ರೆ ನಿನ್ನ ಕನ್ಫರ್ಮ್ ಮಾಡೋದು ಕಷ್ಟ." ಸ್ಕ್ರಿಪ್ಟ್ ನನ್ನದೆಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಮೇಷ್ಟ್ರ ಜೊತೆ ಮೀಟಿಂಗ್ ಇತ್ತು.

"ನಿನ್ ಬಾಯಿ ಕ್ಯಾಂಟೀನಲ್ಲಿ ಮಾತ್ರಾನಾ ಓಡೋದು ಗುರು?" ಎಂದಳು ನಸೀಮಾ. "ಮೀಟಿಂಗಲ್ಲೂ ಓಡತ್ತಾ?"

"ಓಡತ್ತೆ. ನೀನೂ ಬಾ."

"ಬರದೇ ಇರ್ತೀನಾ? ನನ್ ನೌಕ್ರಿ ಅದು."

ಎದುರಾಳಿಯ ವಾದವನ್ನು ಮೊದಲು ಪೂರ್ತಿ ಒಪ್ಪಿಕೊಂಡು, ಅದು ಎಲ್ಲಿಗೆ ಒಯ್ಯುತ್ತದೋ ಅಲ್ಲಿಯವರೆಗೂ ಅವರ ಜೊತೆಯೇ ನಡೆಯಬೇಕು. ಚರ್ಚೆಯಲ್ಲಿ ನಾನು ಕಲಿತಿದ್ದು ಅಷ್ಟೇ. ಮೀಟಿಂಗಿನಲ್ಲೂ ಹಾಗೇ ಶುರು ಮಾಡಿದೆ.

"ಮೇಷ್ಟ್ರೇ, ನಿಮ್ಮ ನಿಯಮ ಸರಿ. ಮಿಡ್‌ವೇಲಿ ಜಪಾನ್ ಎಷ್ಟು ವಿಮಾನವಾಹಕ ಕಳ್ಕೊಳ್ತು?"

"ನಾಲ್ಕು. ಅದರಲ್ಲೇನು ಅನುಮಾನ?"

"ಹಿರ್ಯು ಅಂದ್ರೆ ಹಾರೋ ಡ್ರ್ಯಾಗನ್, ಸೋರ್ಯು ಅಂದ್ರೆ ನೀಲಿ ಡ್ರ್ಯಾಗನ್. ಎರಡಾಯ್ತು. ಉಳಿದೆರಡು ಯಾವುದು, ನೀವೇ ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

ಉತ್ತರ ನಾನೇ ಕೊಟ್ಟೆ. ಅಕಾಗಿಯನ್ನು ಕಟ್ಟಲು ತೊಡಗಿದ್ದು ಬ್ಯಾಟಲ್‌ಕ್ರೂಸರ್ ಎಂದು, ಅದಕ್ಕೇ ಬೆಟ್ಟದ ಹೆಸರು; ಕಾಗಾವನ್ನು ಬ್ಯಾಟಲ್‌ಶಿಪ್ ಎಂದು, ಅದಕ್ಕೇ ಪ್ರಾಂತ್ಯದ ಹೆಸರು. 1922ರ ವಾಷಿಂಗ್ಟನ್ ಒಪ್ಪಂದ ದೊಡ್ಡ ಯುದ್ಧನೌಕೆಗಳಿಗೆ ಮಿತಿ ಹಾಕಿತು. ಅರ್ಧ ಕಟ್ಟಿದ ಅಕಾಗಿ, ಅಮಾಗಿ ಎಂಬೆರಡನ್ನು ವಿಮಾನವಾಹಕ ಮಾಡಲು ಹೊರಟರು. 1923ರ ಭೂಕಂಪದಲ್ಲಿ ಅಮಾಗಿ ಹಾಳಾಯಿತು. ಗುಜರಿಗೆ ಹೋಗಬೇಕಿದ್ದ ಕಾಗಾ ಅದರ ಜಾಗಕ್ಕೆ ಬಂತು. ಕೆಲಸ ಬದಲಾಯಿತು, ಹೆಸರು ಹಾಗೇ ಉಳಿಯಿತು.

"ಹೆಸರನ್ನ ಬದಲಾಯಿಸ್ಲೇ ಇಲ್ವೇ?" ಎಂದರು ಮೇಷ್ಟ್ರು.

ನಸೀಮಾ ಬಾಯಿ ಹಾಕಿದಳು. "ಯಾಕ್ ಸರ್ ಬದಲಾಯಿಸ್ಬೇಕು? ರಸೆಲ್ ಮಾರ್ಕೆಟ್ ಹತ್ರ ನಮ್ ಚಾಚಾದು ಘಡಿ ಅಂಗಡಿ. ಗಡಿಯಾರ ಬಿಟ್ಟು ಚಪ್ಪಲಿ ಮಾರೋಕ್ ಶುರು ಮಾಡಿ ಎಷ್ಟೋ ವರ್ಷ ಆಯ್ತು. ಜನ ಈಗ್ಲೂ ಘಡಿ ಅಂಗಡಿ ಎಲ್ಲಿ ಅಂತ ಕೇಳ್ಕೊಂಡ್ ಬಂದು ಚಪ್ಪಲಿ ತಗೊಂಡ್ ಹೋಗ್ತಾರೆ."

ಮೇಷ್ಟ್ರು ಗಟ್ಟಿಯಾಗಿ ನಕ್ಕರು. ನಿಯಮವನ್ನೂ ಅದು ತಪ್ಪಿದ ಕಥೆಯನ್ನೂ ಪಾಠಕ್ಕೆ ಸೇರಿಸಿ ಎಂದರು. ಡೇವಿಡ್ ಸರ್ "ಓಕೆ, ಸಾಲ್ವ್ಡ್" ಎಂದು ಎದ್ದರು. ನಾನೂ ಎದ್ದೆ. ನಸೀಮಾ ಏಳಲಿಲ್ಲ.

"ಸರ್, ಹಡಗಿನ ವಿಚಾರ ಮುಗೀತು. ನನ್ ವಿಚಾರ?"

"ಅದು ಆಮೇಲೆ ನೋಡೋಣಮ್ಮಾ."

"ಮಿಸ್ಟೇಕ್ ಅನ್ನೋವಾಗ ನೀವು ಆಮೇಲೆ ಅನ್ಲಿಲ್ಲ ಸರ್."

ನಾನು ಮತ್ತೆ ಕೂತೆ. ಮೇಷ್ಟ್ರು ಎದ್ದಿರಲೇ ಇಲ್ಲ. "ತಪ್ಪು ನಂದು ಡೇವಿಡ್ ಅವರೇ, ಈ ಹುಡುಗೀದಲ್ಲ," ಎಂದರು. ಡೇವಿಡ್ ಸರ್ ನಮ್ಮ ಮೂವರನ್ನೂ ನೋಡಿ ಕುರ್ಚಿ ಎಳೆದುಕೊಂಡರು.

"ಕನ್ಫರ್ಮ್ಡ್. ಸಾಕಾ?"

"ಬರವಣಿಗೇಲಿ ಕೊಡಿ ಸರ್."

ಚರ್ಚಾಸ್ಪರ್ಧೆಯಲ್ಲಿ ಎದುರಾಳಿಗೆ ಉತ್ತರ ಹೊಳೆಯದಿದ್ದರೆ ಗೆದ್ದಂತೆ. ಆಫೀಸಿನಲ್ಲಿ ಹಾಗಲ್ಲ: ಯಾರ ಕೆಲಸ ಅಲುಗಾಡಿತ್ತೋ ಅವರ ಕೈಗೆ ತೀರ್ಮಾನ ಬರುವ ತನಕ ಕುರ್ಚಿ ಬಿಟ್ಟು ಏಳಬಾರದು.