ಉಮಾಪತಿಯ ಚೂಪು ಮೂಲೆಗಳು

ಬಳ್ಳಾರಿಯಲ್ಲಿ ಜೀನ್ಸ್ ಅಂಗಡಿ ಇಟ್ಟಿರುವ ಉಮಾಪತಿಗೆ, ಎಂಬತ್ತರ ದಶಕದಲ್ಲಿ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳನ್ನು ಕೂಡಿಸುವ ಹುಚ್ಚು. ಹವ್ಯಾಸ ಎಂದರೆ ಸಿಟ್ಟು ಬರುತ್ತದೆ. ತಾನು ಪರೀಕ್ಷಕ ಎನ್ನುತ್ತಾನೆ. ಯಾರಾದರೂ ಕಾರ್ಡು ತಂದರೆ ಭೂತಗನ್ನಡಿ ಹಿಡಿದು ಮೂಲೆ, ಅಂಚು, ಮಡಿಕೆ, ಹೊಳಪು ಎಲ್ಲವನ್ನೂ ನೋಡುತ್ತಾನೆ. ಆಟಗಾರನ ಮುಖವನ್ನು ಮಾತ್ರ ನೋಡುವುದಿಲ್ಲ. ಓವರಿಗೆ ಎಷ್ಟು ಚೆಂಡು ಎಂಬುದಾದರೂ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನ.

ಕುರುಗೋಡಿನ ವಿರೂಪಾಕ್ಷಪ್ಪನೂ ಕಾರ್ಡು ಕೂಡಿಸುವವನೇ. ಪಾಪ, ಒಮ್ಮೆ ಪ್ರೀತಿಯಿಂದ ತನ್ನ ಕಟ್ಟು ತಂದು ತೋರಿಸಿದ್ದ. "ಮೂಲಿ ಎಲ್ಲಾ ಸತ್ತಾವ. ಒಲಿಗೆ ಹಾಕು," ಎಂದು ಉಮಾಪತಿ ಗಿರಾಕಿಗಳ ಮುಂದೆಯೇ ಹೇಳಿ ಕಳಿಸಿದ.

ಹೋದ ವರ್ಷ ಕರೂರಿನ ಚನ್ನವೀರಮ್ಮ, ತೀರಿಹೋದ ಗಂಡ ವೀರೇಶನ ಬಿಸ್ಕತ್ತು ಡಬ್ಬಿ ಹಿಡಿದು ಅಂಗಡಿಗೆ ಬಂದಳು. ವೀರೇಶ ಸಿರುಗುಪ್ಪದ ಶಾಲೆಗೆ ಹೋಗುವಾಗ ಕೂಡಿಸಿದ ಕಾರ್ಡುಗಳು. ಅವುಗಳಲ್ಲಿ ಒಂದರ ಮೇಲೆ ಬ್ಯಾಟ್ಸ್‌ಮನ್ ಚಿತ್ರದ ಕೆಳಗೆ ಬೌಲರನ ಹೆಸರು ಅಚ್ಚಾಗಿತ್ತು. ಅಚ್ಚು ತಪ್ಪಿದ ಕಾರ್ಡು ಅಪರೂಪ, ಬೆಲೆಯೂ ಹೆಚ್ಚು; ಅಂಥದ್ದಕ್ಕಾಗಿಯೇ ಉಮಾಪತಿ ವರ್ಷಗಟ್ಟಲೆ ಹುಡುಕಿದ್ದ. ಆದರೂ ಮುಖ ಸಿಂಡರಿಸಿದ.

"ಅಚ್ಚ ತಪ್ಪೈತ್ರಿ. ಮೂಲಿನೂ ಸವದಾವ. ಕಸ ಇದು. ಬೇಕಾದ್ರ ಬಿಟ್ಟು ಹೋಗ್ರಿ."

"ಎಲ್ಲಿಯಾದ್ರೂ ಮಂದಿಗೆ ತೋರ್ಸಾಕ ಇಟ್ರ ಅವರ ಹೆಸರ ಹಾಕ್ತೀರೇನ್ರಿ?"

"ಹಾಕ್ತೀನಿ ಬಿಡ್ರಿ."

ಅವಳು ನಂಬಿ ಕೊಟ್ಟಳು. ಉಮಾಪತಿ ಬಾಗಿಲು ಹಾಕಿಕೊಂಡು, ಬ್ಲೇಡು ಮತ್ತು ಸ್ಕೇಲು ಹಿಡಿದು ಸವೆದ ಅಂಚನ್ನು ಕೂದಲೆಳೆಯಷ್ಟು ಕೊಯ್ದ. ಮೂಲೆಗಳು ಚೂಪಾದವು.

ಸಂಗ್ರಾಹಕರೆಲ್ಲ ಸೇರಿ ಒಂದು ಕಲ್ಯಾಣಮಂಟಪದಲ್ಲಿ ಪ್ರದರ್ಶನ ಇಟ್ಟಾಗ ಆ ಕಾರ್ಡು ನಡುವಿನ ಮೇಜಿಗೇರಿ ಗಾಜಿನಡಿ ಕೂತಿತು. ಕೆಳಗೆ ವೀರೇಶನ ಹೆಸರಿರಲಿಲ್ಲ. 'ಉಮಾಪತಿ ಸಂಗ್ರಹ' ಎಂದಿತ್ತು. ವಿರೂಪಾಕ್ಷಪ್ಪ ಅದೇ ಸರಣಿಯ ತನ್ನದೊಂದು ಕಾರ್ಡನ್ನು ಪಕ್ಕಕ್ಕಿಟ್ಟು ನೋಡಿದ.

"ಇದು ಗಿಡ್ಡ ಐತಲ್ಲ. ಯಾರೋ ಕೊಯ್ದಾರ."

ಅಂಚು ಕೊಯ್ಯುವುದೆಂದರೆ ಸಂಗ್ರಾಹಕರಲ್ಲಿ ದೊಡ್ಡ ಮೋಸ; ಜನ ಸೇರಿದರು. ಉಮಾಪತಿ ನಾಚಲಿಲ್ಲ. "ಮೊದಲ ಇಟ್ಕೊಂಡಿದ್ದಾಂವ ಕೊಯ್ದಿರಬೇಕು. ಹಳ್ಳಿ ಮಂದಿಗೆ ಇದರ ಕಿಮ್ಮತ್ತು ಏನ್ ತಿಳೀತೈತಿ?" ಎಂದ. ಸತ್ತವನು ಎದ್ದು ಬಂದು ಜವಾಬು ಕೊಡಲಾರ ಎಂಬ ಧೈರ್ಯ.

ಆದರೆ ಚನ್ನವೀರಮ್ಮ ಅಲ್ಲೇ ನಿಂತಿದ್ದಳು. ಗಂಡನ ಹೆಸರು ನೋಡಲೆಂದು ಮಗಳು ಸೌಂದರ್ಯಳ ಜೊತೆ ಬಸ್ಸು ಹತ್ತಿ ಬಂದಿದ್ದಳು. ಸೌಂದರ್ಯ ಮೊಬೈಲು ಮುಂದೆ ಹಿಡಿದಳು. ಕೊಡುವ ಮೊದಲು ಮನೆಯಲ್ಲಿ ತೆಗೆದ ಚಿತ್ರ: ಅದೇ ಕಾರ್ಡು, ಸವೆದು ದುಂಡಗಾದ ಮೂಲೆಗಳು.

"ನಮ್ಮಪ್ಪ ಕೊಯ್ದಿಲ್ರಿ," ಎಂದಳು.

ವಿರೂಪಾಕ್ಷಪ್ಪ ಗಾಜು ಎತ್ತಿ ಕಾರ್ಡನ್ನು ಚನ್ನವೀರಮ್ಮನ ಕೈಗಿಟ್ಟ. ಅಷ್ಟು ಜನರ ಮುಂದೆ ಮಾನ ಹೋಗುತ್ತಿದ್ದರೂ ಉಮಾಪತಿಯ ಬಾಯಿಂದ ಬಂದದ್ದು ಒಂದೇ ಮಾತು: "ಬರಿಗೈಲೆ ಹಿಡೀಬ್ಯಾಡ್ರಿ, ಬೆರಳ ಗುರುತು ಬೀಳತಾವ."

"ನಮ್ಮನಿಯವರದು. ನಾ ಹಿಡಿದ್ರ ಏನಾಗತೈತ್ರಿ?" ಎಂದು ಅವಳು ಅದನ್ನು ಎದೆಗೊತ್ತಿ ಹಿಡಿದು ಹೊರಟಳು.

ಈಗ ಯಾರೂ ಅವನಿಗೆ ಕಾರ್ಡು ತೋರಿಸುವುದಿಲ್ಲ. ಬೆಂಕಿಪೊಟ್ಟಣದ ಚೀಟಿ ಕೂಡಿಸಲು ಶುರುಮಾಡಿದ್ದಾನೆ. ಯಾಕೆ ಎಂದು ಕೇಳಿದರೆ, ಕಾರ್ಡಿನ ಲೋಕದಲ್ಲಿ ಮೋಸಗಾರರು ಹೆಚ್ಚಾದರು ಎನ್ನುತ್ತಾನೆ.