ಅತ್ತೆಯ ಕಣ್ಣು ಬರೆಯುವಾಗ

ಹೋದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೆಲವರು ಕೇಳಿದ್ದೀರಿ. ನಿಜ ಹೇಳಿಬಿಡುತ್ತೇನೆ. ನಾನು ಅತ್ತೆಯ ಕಣ್ಣಿಗೆ ಹೆದರಿ ಕೂತಿದ್ದೆ.

ಅದರಲ್ಲೇನು ವಿಶೇಷ, ಸೊಸೆ ಎಂದ ಮೇಲೆ ಅದು ಇದ್ದದ್ದೇ ಅನ್ನುತ್ತೀರಾ? ವಿಶೇಷ ಇಷ್ಟೇ: ನಮ್ಮ ಅತ್ತೆ ತೀರಿಕೊಂಡು ತಿಂಗಳ ಮೇಲಾಯಿತು.

ನವಲಗುಂದದಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ ಎಂಬುದು ನಿಮಗೆ ಗೊತ್ತು. ಮುಂದೆ ಸ್ಟುಡಿಯೋ, ಹಿಂದೆ ಮನೆ. ನಮ್ಮ ಮನೆಯವರು ಫೋಟೋ ತೆಗೆಯುತ್ತಾರೆ. ನಾನು ಅಡುಗೆ, ಮಕ್ಕಳು, ಕಸ, ಮುಸುರೆ ನೋಡಿಕೊಳ್ಳುತ್ತೇನೆ. ಮಕ್ಕಳು ಶಾಲೆಗೆ ಹೋದ ಮೇಲೆ, ಮಧ್ಯಾಹ್ನದ ಬೆಳಕಿನಲ್ಲಿ, ಇನ್ನೊಂದು ಕೆಲಸವನ್ನೂ ಮಾಡುತ್ತೇನೆ. ಅದನ್ನು ಇಷ್ಟು ದಿನ ನಿಮಗೆ ಹೇಳಿರಲಿಲ್ಲ. (ಹೇಳಿಕೊಳ್ಳುವಂಥದ್ದೂ ಅಲ್ಲ.)

ಸತ್ತವರಿಗೆ ಕಣ್ಣು ಬರೆಯುತ್ತೇನೆ.

ಗಾಬರಿಯಾಗಬೇಡಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋ ತೆಗೆಸಿರುವುದಿಲ್ಲ. ಮನೆಯವರಿಗೆ ಅದು ನೆನಪಾಗುವುದು ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ ಮೇಲೆ. ಆಗ ಯಾರೋ ಸೈಕಲ್ ತುಳಿದುಕೊಂಡು ಬರುತ್ತಾರೆ. “ಲಗೂನ ಬರ್ರಿ, ಮಣ್ಣಿಗೆ ಒಯ್ಯೂದರೊಳಗ ಒಂದ ಫೋಟೋ ಹೊಡೀರಿ.” ಇವರು ಕ್ಯಾಮೆರಾ, ಸ್ಟ್ಯಾಂಡು, ತಲೆ ಮುಚ್ಚಿಕೊಂಡು ಒಳಗೆ ನೋಡುವ ಕರಿ ಬಟ್ಟೆ ಹೊತ್ತುಕೊಂಡು ಹೋಗುತ್ತಾರೆ. ಫೋಟೋ ಬರುತ್ತದೆ. ಕಣ್ಣು ಮುಚ್ಚಿರುತ್ತದೆ. ಮುಚ್ಚಿದ ಕಣ್ಣಿನ ಫೋಟೋಗೆ ದಿನಾ ಯಾರು ಊದಿನಕಡ್ಡಿ ಹಚ್ಚುತ್ತಾರೆ? “ಕಣ್ಣ ಬಿಡಿಸಿ ಕೊಡ್ರಿ” ಎಂದು ಕೇಳುತ್ತಾರೆ. ನಾನು ಪ್ರಿಂಟಿನ ಮೇಲೆ ತೀರ ಸಣ್ಣ ಬ್ರಷ್ಷಿನಿಂದ ಕಣ್ಣು ಬರೆಯುತ್ತೇನೆ. ಅದನ್ನು ಇವರು ಮತ್ತೆ ಫೋಟೋ ತೆಗೆದು ದೊಡ್ಡದು ಮಾಡುತ್ತಾರೆ. ಬರೆದದ್ದೆಂದು ಗೊತ್ತೇ ಆಗುವುದಿಲ್ಲ.

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ದೇವದೂತರ ರೆಪ್ಪೆ ಬರೆಯಲು ಕಲಿಸಿದ್ದರು. ಆ ವಿದ್ಯೆ ಹೀಗೆ ಉಪಯೋಗಕ್ಕೆ ಬಂತು. (ಅವರಿಗೆ ತಿಳಿದರೆ ಶಿಲುಬೆಯ ಗುರುತು ಮಾಡಿಕೊಂಡಾರು.) ಸತ್ತವರ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು ಅವರ ಕಣ್ಣಿನ ಆಕಾರ ನೋಡಿ ಬರೆಯುವುದು ನನ್ನ ಪದ್ಧತಿ. ಕೊನೆಗೆ ಕರಿಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಇಡುವಾಗ ನನಗೆ ಯಾವತ್ತೂ ಎದೆ ಹೊಡೆದುಕೊಳ್ಳುತ್ತದೆ. ಇಟ್ಟ ಕ್ಷಣವೇ ಕಾಗದದ ಮೇಲಿನವರು ನನ್ನನ್ನು ನೋಡತೊಡಗುತ್ತಾರೆ! ತಟ್ಟನೆ ಪ್ರಿಂಟನ್ನು ಬೋರಲು ಹಾಕಿ ಎದ್ದುಬಿಡುತ್ತೇನೆ. ಹೇಗೂ ಅವರು ಯಾರೋ ಏನೋ. ಮರುದಿನ ತಮ್ಮ ಊರಿನ ಬಸ್ಸು ಹತ್ತಿ ಹೋಗುವವರು.

ಅತ್ತೆ ಎಲ್ಲಿಗೆ ಹೋಗುತ್ತಾರೆ?

ಫೋಟೋಗ್ರಾಫರನ ತಾಯಿಯ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಾರಣ ಇದೆ. ಒಮ್ಮೆ ಅವರು ಮಗನ ಕರಿ ಬಟ್ಟೆಯೊಳಗೆ ತಲೆ ಹಾಕಿ ಇಣುಕಿದ್ದರು. ಎದುರಿಗೆ ಯಾವುದೋ ಊರಿನ ಗೌಡರು ರುಮಾಲು ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಆ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಎಲ್ಲವೂ ತಲೆಕೆಳಗೆ ಕಾಣುತ್ತದೆ. ಅತ್ತೆ ಹೌಹಾರಿ ಹೊರಗೆ ಬಂದರು.

“ಗೌಡ್ರು ತಲಿ ಕೆಳಗ ಮಾಡಿ ಜೋತಬಿದ್ದಾರೋ! ನಿನ್ನ ಡಬ್ಬ್ಯಾಗ ಹಂಗ ಜೋತಬೀಳಾಕ ನಾ ಏನ ತೊಗಲಬಾವಲಿ ಅಲ್ಲಪಾ.”

ಅಂದಿನಿಂದ ಕ್ಯಾಮೆರಾ ಕಂಡರೆ ಸೆರಗು ಮುಖದ ಮೇಲೆ ಬರುತ್ತಿತ್ತು. ಸಾಯುವವರೆಗೂ ಹಾಗೇ.

ಆ ಬೆಳಿಗ್ಗೆ ಪಡಸಾಲೆಯಲ್ಲಿ ಅವರನ್ನು ಕೂರಿಸಿದಾಗ ನಮ್ಮ ಮನೆಯವರು ತಾವೇ ಸ್ಟ್ಯಾಂಡು ತಂದು ನಿಲ್ಲಿಸಿದರು. ಅಳಲಿಲ್ಲ. ಗೇಣಿನಿಂದ ದೂರ ಅಳೆದರು, ಕಿಟಕಿ ತೆರೆಸಿದರು, ಹಾರ ನೇರ ಮಾಡಿದರು. ದಿನದ ಕೆಲಸದಂತೆಯೇ ಮಾಡುತ್ತಿದ್ದಾರಲ್ಲ ಎಂದು ನನಗೆ ಆಶ್ಚರ್ಯ. ಆಮೇಲೆ ಕರಿ ಬಟ್ಟೆಯೊಳಗೆ ತಲೆ ಹಾಕಿದರು.

ಹೊರಗೆ ಬರಲೇ ಇಲ್ಲ.

ಬಟ್ಟೆ ಮೆಲ್ಲಗೆ ಅಲುಗತೊಡಗಿತು. ಪಕ್ಕದ ಅಂಗಡಿಯ ಟೇಲರ್ ಈರಣ್ಣ (ಇವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಲಿತವರು, ಆ ಕರಿ ಬಟ್ಟೆ ಹೊಲಿದುಕೊಟ್ಟವನೂ ಅವನೇ) ಹೋಗಿ ಬಟ್ಟೆ ಎತ್ತಿ ಇವರ ಭುಜ ಹಿಡಿದ.

“ಸರಿ ಲೇ ಗುರ್ಯಾ. ನೀ ಆ ಕಡೆ ಕುಂದ್ರ. ನಾ ಒತ್ತತೇನಿ.”

ಅವನೇ ಕ್ಯಾಮೆರಾದ ರಬ್ಬರ್ ಬಲ್ಬ್ ಒತ್ತಿ ಫೋಟೋ ತೆಗೆದ. ಚಿತ್ರ ಮೂಡಿದ ಗಾಜಿನ ಪ್ಲೇಟನ್ನು ಹುಬ್ಬಳ್ಳಿಗೆ ಒಯ್ದು ತೊಳೆಸಿ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಪ್ರಿಂಟು ಹಾಕಿಸಿ ತಂದವನೂ ಅವನೇ.

ಅಂದಿನಿಂದ ಕ್ಯಾಮೆರಾ ಮೂಲೆ ಸೇರಿತು. ಹಾಲ್ ಟಿಕೆಟ್ಟಿಗೆ ಫೋಟೋ ಬೇಕೆಂದು ಬಂದ ಹುಡುಗರು ಮುಚ್ಚಿದ ಬಾಗಿಲು ನೋಡಿ ಹೋದರು. ಲಗ್ನದ ಸೀಜನ್ನಿನ ಕರೆಗಳನ್ನೂ ಇವರು ಒಪ್ಪಿಕೊಳ್ಳಲಿಲ್ಲ. ಒಂದು ದಿನ ಈರಣ್ಣ ಚಹಾ ತಂದು ಕುಡಿಸಿ, ಬೈದು, ಬಾಯಿ ಬಿಡಿಸಿದ.

“ಒಳಗ ತಲಿ ಹಾಕಾಕ ಹೆದರಿಕಿ ಬರತೈತಿ ಈರ್ಯಾ. ಯಾರನ್ನ ಕುಂದ್ರಿಸಿದ್ರೂ ಅಲ್ಲೆ ಅವ್ವನs ಕುಂತಿರ್ತಾಳ. ತಲಿಕೆಳಗ. ಕಣ್ಣ ಮುಚಗೊಂಡು.”

ಇಪ್ಪತ್ತು ವರ್ಷ ಆ ಬಟ್ಟೆಯೊಳಗೇ ಬದುಕು ಮಾಡಿದ ಮನುಷ್ಯ! ಬೇರೆ ಕೆಲಸ ಬರುವುದಿಲ್ಲ, ಬೇಕೂ ಇಲ್ಲ. ಇವರು ಇನ್ನೆಂದೂ ಅದರೊಳಗೆ ಹೋಗದಿದ್ದರೆ?

ಮರುದಿನ ಇವರು ಒಂದು ಪ್ರಿಂಟು ನನ್ನ ಮುಂದೆ ಇಟ್ಟರು.

“ನೀ ಕಣ್ಣ ಬಿಡಿಸು. ಆಮ್ಯಾಲೆ ನೋಡೂಣು.”

ಆಮೇಲೆ ನೋಡೋಣ! ಅಂದರೆ ಇವರ ಕ್ಯಾಮೆರಾ ಎದ್ದೇಳುವುದು ನನ್ನ ಬ್ರಷ್ಷಿನ ಮೇಲೆ ನಿಂತಿತು. ಆಕಾರ ಕಷ್ಟವಿರಲಿಲ್ಲ. ಇವರ ಕಣ್ಣು ತಾಯಿಯದೇ ಅಚ್ಚು. ಆದರೆ ನೋಟ?

ಅತ್ತೆ ನನ್ನನ್ನು ಎಂದೂ ಬೈದವರಲ್ಲ. ಬೈದಿದ್ದರೆ ಉತ್ತರ ಹುಡುಕಬಹುದಿತ್ತು. ಅವರು ನೋಡುತ್ತಿದ್ದರು. ರೊಟ್ಟಿ ಹರಿದರೆ ನೋಡುತ್ತಿದ್ದರು. ನಾನು ಪುಸ್ತಕ ಹಿಡಿದರೆ ನೋಡುತ್ತಿದ್ದರು. “ಏನ ಮೇಡಮ್ಮಾ” ಎಂದು ಒಂದು ಮಾತು, ಮೇಲೊಂದು ನೋಟ. ಅಷ್ಟಕ್ಕೇ ನನ್ನ ಕೈಯಲ್ಲಿದ್ದ ಲೋಟ ಕೆಳಗೆ. ಆ ಕಣ್ಣನ್ನು ಈಗ ನಾನೇ ತೆರೆಯಬೇಕು. ಪಡಸಾಲೆಯ ಗೋಡೆಗೆ ನಾನೇ ಅದನ್ನು ಹಾಕಿಸಿ, ಅದರ ಕೆಳಗೆ ಜೀವಮಾನವಿಡೀ ಓಡಾಡಬೇಕು. ನೀವಾದರೆ ಏನು ಮಾಡುತ್ತಿದ್ದಿರಿ?

ನಾನೂ ಅದನ್ನೇ ಮಾಡಲು ಹೊರಟೆ. ಸ್ವಲ್ಪ ಮೆದು ಮಾಡೋಣ ಅಂದುಕೊಂಡೆ. ಕಿಟಕಿಯ ಬಳಿ ಕೂತು ರೆಪ್ಪೆಯ ಗೆರೆಯನ್ನು ಆದಷ್ಟು ಬಾಗಿಸಿದೆ. ಆದರೆ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸಿ ಮತ್ತೆ ಮತ್ತೆ ತಿರುಗುತ್ತಿದ್ದೆ. ಯಾರೂ ಇಲ್ಲ. ಕ್ಯಾಲೆಂಡರಿನ ಹಾಳೆ ಗಾಳಿಗೆ ಹಾರುತ್ತಿದೆ, ಅಷ್ಟೇ. ಬಿಳಿ ಚುಕ್ಕೆ ಇಟ್ಟೆ. ಅಯ್ಯೋ ದೇವರೇ! ಕಾಗದದಿಂದ ಅತ್ತೆ ನೇರ ನನ್ನನ್ನೇ ನೋಡಿದರು. ಮೆದುವೂ ಇಲ್ಲ, ಗಿದುವೂ ಇಲ್ಲ. ‘ಏನ ಮಾಡಾಕತ್ತೀ?’ ಅನ್ನುವ ಅದೇ ನೋಟ.

ಅಷ್ಟರಲ್ಲಿ ಈರಣ್ಣ ಬೀಡಿ ಸೇದುತ್ತ ಒಳಗೆ ಬಂದ. ಪ್ರಿಂಟಿನ ಮೇಲೆ ಕಣ್ಣು ಬಿದ್ದದ್ದೇ ತಡ, ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟ.

“ಯವ್ವಾ!” ಅಂದ. ಆಮೇಲೆ ತನಗೆ ತಾನೇ ನಕ್ಕು, “ವೈನಿ, ಅಗದಿ ಅವ್ವನs ನೋಡ್ರಿ ಇದು. ನನ್ನ ಅಂಗಡಿಗೊಂದ ಕೊಡ್ರಿ. ಲಗ್ನದ ಅಂಗಿ ಎಂದ ಕೊಡ್ತೀಲೇ ಅಂತ ಒಬ್ಬರೂ ಬಾಯಿ ಮಾಡಂಗಿಲ್ಲ” ಅಂದ.

ನನಗೆ ಅರ್ಧ ಜೀವ ಬಂತು. ಇವರನ್ನು ಕರೆದೆವು.

ಇವರು ಪ್ರಿಂಟನ್ನು ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ನಾನು ಸೆರಗಿನ ಅಂಚು ಹಿಂಡುತ್ತ ನಿಂತಿದ್ದೆ.

“ಇದು ಯಾರು?” ಅಂದರು.

“ಲೇ, ಹುಚ್ಚಗಿಚ್ಚ ಹಿಡದೈತೇನಲೇ? ನಿಮ್ಮವ್ವ!”

“ನಮ್ಮವ್ವ ಎಂದೂ ಹಿಂಗ ನೋಡಿಲ್ಲ.” ಪ್ರಿಂಟನ್ನು ಮೇಜಿನ ಮೇಲಿಟ್ಟರು. ದನಿ ಏರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. “ಇಕೀನ ಗುರುತ ನನಗಿಲ್ಲ.”

“ಹಂಗಾರ ಹೆಂಗ ನೋಡತಿದ್ರು, ನೀವs ಹೇಳ್ರಿ. ಹಂಗs ಬರೀತೇನಿ” ಅಂದೆ.

ಇವರು “ನೆನಪs ಇಲ್ಲ” ಅಂದರು. “ತಾಯಿ ಮಾರಿ ಯಾರು ನೋಡಕೋತ ಕುಂದ್ರತಾರ?” ಹೇಳಿದವರೇ ಬೆಚ್ಚಿಬಿದ್ದು ಹಿತ್ತಿಲಿಗೆ ಹೋದರು.

ಊರಿನ ಮುಖಗಳನ್ನೆಲ್ಲ ಗಾಜಿನಲ್ಲಿ ಅಳೆದು ನೋಡಿದ ಮನುಷ್ಯನಿಗೆ ತಾಯಿಯ ನೋಟ ಗೊತ್ತಿಲ್ಲ. ನಗಬೇಡಿ. ನಿಮ್ಮ ತಾಯಿ ನಿಮ್ಮನ್ನು ಹೇಗೆ ನೋಡುತ್ತಾರೆ, ಒಂದು ಮಾತಿನಲ್ಲಿ ಹೇಳಿ? ಸಿಟ್ಟಾದಾಗ ಬೇಡ. ಸುಮ್ಮನಿದ್ದಾಗ. ನಾನು ನನ್ನ ತಾಯಿಯನ್ನು ನೆನೆಸಿಕೊಳ್ಳಲು ನೋಡಿದೆ. ಅವರ ಕೈ ನೆನಪಾಯಿತು, ಸೀರೆಯ ಅಂಚು ನೆನಪಾಯಿತು. ಕಣ್ಣು ಬರಲಿಲ್ಲ. ಅವರು ಇನ್ನೂ ಬದುಕಿದ್ದಾರೆ!

ಇನ್ನುಳಿದದ್ದು ಒಂದೇ ಪ್ರಿಂಟು. ಅದೂ ಕೆಟ್ಟರೆ ಇವರು ಮತ್ತೊಮ್ಮೆ ಬರೆಸಲಾರರು ಎಂದು ನನಗೆ ಖಾತ್ರಿಯಿತ್ತು.

ಆ ಸಂಜೆ ಇವರು ಊಟಕ್ಕೆ ಕೂತರು. ನಾನು ರೊಟ್ಟಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಎದುರಿಗೆ ಕಂಬ. ಅತ್ತೆ ದಿನಾ ಆ ಕಂಬಕ್ಕೆ ಒರಗಿ ಕೂರುತ್ತಿದ್ದರು. ಈಗ ಅಲ್ಲಿ ಬರೀ ಎಣ್ಣೆತಲೆಯ ಕಲೆ. ಇವರು ತಾಟಿನ ಮೇಲೆ ತಲೆ ಬಗ್ಗಿಸಿ ರೊಟ್ಟಿ ಮುರಿದರು.

ಆಗ ನನಗೆ ಕಂಡಿತು. ಮದುವೆಯಾಗಿ ಬಂದಾಗಿನಿಂದ ಎರಡು ಹೊತ್ತು ಇದೇ ಹೊಸ್ತಿಲಲ್ಲಿ ನಿಂತು ನೋಡಿದ್ದೆ. ಮಗ ತಲೆ ಬಗ್ಗಿಸಿದ ಕೂಡಲೇ ಅತ್ತೆ ಅವನನ್ನು ನೋಡುತ್ತಿದ್ದರು. ಮುಖವನ್ನಲ್ಲ. ಅವನ ಕೈಯನ್ನು, ತಾಟನ್ನು, ತುತ್ತು ಹೋಗುವ ದಾರಿಯನ್ನು. ರೆಪ್ಪೆ ಇಳಿದು ಕಣ್ಣು ಮುಕ್ಕಾಲು ಮುಚ್ಚಿದಂತೆ ಇರುತ್ತಿತ್ತು. ಅವನು ತಲೆ ಎತ್ತಿದನೋ, ತಟ್ಟನೆ ನನ್ನ ಕಡೆ ತಿರುಗುತ್ತಿದ್ದರು. “ಏನ ನೋಡ್ತಿ ನಿಂತು? ಪಲ್ಯ ಎಲ್ಲೆ?” ಆಗ ಕಣ್ಣು ಪೂರ್ತಿ ತೆರೆದಿರುತ್ತಿತ್ತು. ಅದು ನನ್ನ ಪಾಲಿನದು.

ಮಗನ ಪಾಲಿನದನ್ನು ಮಗ ಒಮ್ಮೆಯೂ ನೋಡಿರಲಿಲ್ಲ. ನೋಡಿದವಳು ನಾನೊಬ್ಬಳೇ.

ಮರುದಿನ ಮಧ್ಯಾಹ್ನ ಎರಡನೆಯ ಪ್ರಿಂಟು ತೆಗೆದುಕೊಂಡೆ. ಈ ಸಲದ ಭಯ ಬೇರೆ. ಬೇರೆಯವರ ಪೆಟ್ಟಿಗೆಗೆ ಕೈ ಹಾಕಿದಂಥ ಭಯ. ಅತ್ತೆ ಅಷ್ಟು ಜತನವಾಗಿ ಮಗನಿಂದಲೇ ಮುಚ್ಚಿಟ್ಟ ನೋಟವನ್ನು ನಾನು ಬಯಲಿಗೆ ಹಾಕಬಹುದೇ? ಕಂಡೇ ಇರದ ಕಣ್ಣನ್ನು ಇವರಾದರೂ ಹೇಗೆ ಗುರುತಿಸುತ್ತಾರೆ? ಮತ್ತೆ ‘ಇದು ಯಾರು’ ಅಂದರೆ? ಬ್ರಷ್ಷನ್ನು ಮೂರು ಸಲ ಅದ್ದಿದೆ, ಮೂರು ಸಲ ಒರೆಸಿದೆ. ಕೊನೆಗೆ ರೆಪ್ಪೆಯ ಕೆಳಗೆ ಒಂದು ಸಣ್ಣ ಸಂದು ಬಿಡಿಸಿ, ಗುಡ್ಡೆಯನ್ನು ತಗ್ಗಿಸಿ, ಬಿಳಿ ಚುಕ್ಕೆಯನ್ನು ರೆಪ್ಪೆಯ ನೆರಳಿನಲ್ಲಿ ಕಂಡೂ ಕಾಣದ ಹಾಗೆ ಇಟ್ಟೆ.

ಬೋರಲು ಹಾಕಬೇಕಾಗಲಿಲ್ಲ. ಕಾಗದದ ಮೇಲಿನವರು ನನ್ನತ್ತ ನೋಡಲೇ ಇಲ್ಲ. (ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.)

ಇವರು ಕೈಗೆ ತೆಗೆದುಕೊಂಡರು. ಈರಣ್ಣ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ. ಹೊರಗೆ ಹುಬ್ಬಳ್ಳಿ ಬಸ್ಸು ಹಾರ್ನ್ ಹೊಡೆದು ಹೊರಟಿತು.

“ಇದನ್ನ ನೀ ಎಲ್ಲೆ ನೋಡಿದಿ?”

“ನೀವು ಉಣ್ಣಾಗರೀ.”

“ನನಗ ಕಂಡಿಲ್ಲಲ್ಲ.”

“ನೀವು ತಲಿ ಎತ್ತಿದ್ರ ಅವರು ನನ್ನ ಕಡೆ ನೋಡಿಬಿಡತಿದ್ರು.”

ಇವರು ತಿಂಗಳಾದ ಮೇಲೆ ಮೊದಲ ಸಲ ನಮ್ಮೆದುರಿಗೆ ಅತ್ತರು, ನಿಂತುಕೊಂಡೇ, ಸಣ್ಣ ಮಕ್ಕಳ ಹಾಗೆ ಮೂಗು ಏರಿಸುತ್ತ. ಆಮೇಲೆ ತಾವೇ ಪ್ರಿಂಟನ್ನು ಕಿಟಕಿಯ ಎದುರಿನ ಗೋಡೆಗೆ ಪಿನ್ನು ಚುಚ್ಚಿ ನಿಲ್ಲಿಸಿದರು. ಈರಣ್ಣ ಓಡಿಹೋಗಿ ಮೂಲೆಯ ಸ್ಟ್ಯಾಂಡು ತಂದ, ಕರಿ ಬಟ್ಟೆ ಜಾಡಿಸಿದ.

“ಇಲಿ ಕಡದಾವೇನ ನೋಡಕೋಲೇ. ಆಮ್ಯಾಲೆ ನನ್ನ ಹೊಲಿಗಿಗೆ ಹೆಸರ ಇಡಬ್ಯಾಡ.”

ಇವರು ನಗಲಿಲ್ಲ. ಬಟ್ಟೆಯ ಅಂಚು ಹಿಡಿದು ನಿಂತರು. ಆಮೇಲೆ ತಲೆ ಒಳಗೆ ಹೋಯಿತು.

ಬಟ್ಟೆ ಅಲುಗಲಿಲ್ಲ. ಹೊತ್ತು ಹೋಯಿತು. ಈರಣ್ಣನಿಗೆ ತಡೆಯಲಾಗಲಿಲ್ಲ.

“ಲೇ ಗುರ್ಯಾ, ಇದ್ದೀಯೇನಲೇ ಒಳಗ?”

“ತಲಿಕೆಳಗ ಅದಾಳಲೇ ಈರ್ಯಾ” ಅಂದಿತು ಒಳಗಿನ ದನಿ. ಸ್ವಲ್ಪ ತಡೆದು, “ಆದ್ರ ನೋಡಾಕತ್ತಾಳ.”

ಕೈ ಹೊರಗೆ ಬಂದು ಬಲ್ಬ್ ಒತ್ತಿತು.

ಆ ಫೋಟೋ ಈಗ ದೊಡ್ಡದಾಗಿ, ಫ್ರೇಮಿನೊಳಗೆ, ಪಡಸಾಲೆಯಲ್ಲಿದೆ. ಇವರು ಅದರ ಕೆಳಗೇ ಊಟಕ್ಕೆ ಕೂರುತ್ತಾರೆ. ಮೊನ್ನೆ ಒಂದು ಲಗ್ನದ ಫೋಟೋಗೂ ಹೋಗಿ ಬಂದರು.

ಮೊದಲ ಪ್ರಿಂಟು? ಹರಿಯಲು ಕೈ ಬರಲಿಲ್ಲ. ಈರಣ್ಣ ಮತ್ತೊಮ್ಮೆ ಕೇಳಿದ, ಕೊಡಲಿಲ್ಲ. ಅದನ್ನು ಅಡುಗೆಮನೆಯ ಗೋಡೆಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕ ಇಟ್ಟುಕೊಂಡಿದ್ದೇನೆ. ಪಡಸಾಲೆಯಲ್ಲಿರುವವರು ನಮ್ಮ ಮನೆಯವರ ತಾಯಿ. ಗೂಡಿನಲ್ಲಿರುವವರು ನನ್ನ ಅತ್ತೆ.

ಹಾಲು ಉಕ್ಕಿದರೆ ಈಗಲೂ ನಾನು ಮೊದಲು ತಿರುಗಿ ನೋಡುವುದು ಒಲೆಯ ಕಡೆಗಲ್ಲ.